ಮಿದುಳಿಗೆ ಬಣ್ಣ ಹಾಕುತ್ತಿದ್ದ ಡಾಕ್ಟರಮ್ಮ

ಅವರನ್ನು ನಾನು ಮೊದಲು ನೋಡಿದ್ದು ಆಸ್ಪತ್ರೆಯಲ್ಲಲ್ಲ, ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ಸಾಹೇಬರೊಬ್ಬರ ಹಿತ್ತಲಿನಲ್ಲಿ. ನಾನಾಗ ಅದೇ ಊರಿನ ಮಿಡ್ಲ್ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಬಿಡುವಿನಲ್ಲಿ ನೇಕಾರರಿಗೆ ಸೀರೆಯ ಅಂಚಿನ ನಕ್ಷೆ ಬರೆದುಕೊಡುತ್ತಿದ್ದೆ. ಯುದ್ಧದ ಕಾಲವಾದ್ದರಿಂದ ಬಣ್ಣಗಳು ಒಂದೊಂದಾಗಿ ಪೇಟೆಯಿಂದ ಮಾಯವಾಗುತ್ತಿದ್ದವು. ಹೊಸ ನಕ್ಷೆಗೆ ಯಾವ ಬಣ್ಣ ಸಿಕ್ಕೀತು ಎಂದು ಸಾಹೇಬರನ್ನು ಕೇಳುತ್ತ ನಿಂತಿದ್ದಾಗ, ಬೆಂಗಳೂರಿನ ರೈಲಿನಿಂದ ಇಳಿದ ಹೆಂಗಸೊಬ್ಬರು ಕೊಡೆ ಮಡಿಸುತ್ತ ಒಳಗೆ ಬಂದರು. ವಯಸ್ಸು ನಲವತ್ತರ ಆಸುಪಾಸು. ಮಾಸಲು ಬಿಳಿಯ ನೂಲಿನ ಸೀರೆ. ತುರುಬಿನಲ್ಲಿ ಹೂವಿರಬೇಕಾದ ಜಾಗದಲ್ಲಿ ಒಂದು ಪೆನ್ಸಿಲ್ಲು.

"ರೇಷ್ಮೆಗೆ ಕಪ್ಪು ಬರ್ಸೋಕೆ ಹೊರದೇಶದ ಮರದ ಚಕ್ಕೆ ಇಟ್ಕೊಂಡಿರ್ತೀರಂತಲ್ಲ ಸಾಬ್ರೇ, ಇದ್ಯಾ?"

"ಇದೆ ಅಮ್ಮಾ, ಲಡಾಯಿಗೆ ಮುಂಚಿನ ಮಾಲು, ಅರ್ಧ ಮೂಟೆ ಉಳಿದಿದೆ," ಎಂದರು ಸಾಹೇಬರು. ಆಮೇಲೆ ಅವರ ಸೀರೆಯನ್ನು ಒಮ್ಮೆ ನೋಡಿ ಸಂಕೋಚದಿಂದ, "ಆದ್ರೆ ಸೀರೆಗೆ ಕಪ್ಪು ಯಾಕಮ್ಮಾ? ಒಳ್ಳೆ ಗಿಳಿಹಸಿರು ಹಾಕ್ಕೊಡ್ತೀನಿ," ಎಂದರು.

"ಸೀರೆಗಲ್ಲ. ಮಿದುಳಿಗೆ."

ಸಾಹೇಬರು ನನ್ನ ಮುಖ ನೋಡಿದರು. ನಾನು ಕುದಿಯುತ್ತಿದ್ದ ಹಂಡೆಯ ಕಡೆ ನೋಡಿದೆ. ಆಕೆ ನಮ್ಮಿಬ್ಬರನ್ನೂ ನೋಡಿ ನಗತೊಡಗಿದರು. ಅಂಥ ನಗು ನಾನು ಕೇಳಿರಲಿಲ್ಲ. ಗಂಡಸರು ಸಂತೆಯಲ್ಲಿ ನಗುವಂತೆ, ಹೊಟ್ಟೆಯಿಂದ, ನಾಚಿಕೆಯಿಲ್ಲದೆ. ತಂತಿಯ ಮೇಲೆ ಒಣಗುತ್ತಿದ್ದ ನೂಲಿನ ಲಡಿಗಳ ಹಿಂದಿನಿಂದ ಸಾಹೇಬರ ಮನೆಯ ಹೆಂಗಸರೂ ಇಣುಕಿ ನೋಡಿದರು.

ಆಮೇಲೆ ತಿಳಿಯಿತು. ಅವರು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರು. ರೋಗಿಯನ್ನು ನೋಡುವ ಡಾಕ್ಟರಲ್ಲ, ರೋಗಿಯ ಮೈಯಿಂದ ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಡಾಕ್ಟರು. ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಸೀಳಿದ ಚೂರಿಗೆ ಸ್ವಂತ ಬಣ್ಣವಿರುವುದಿಲ್ಲವಂತೆ, ನೀಲಿ ಬಣ್ಣ ಕುಡಿಸಿದರೆ ಮಾತ್ರ ಒಳಗಿನದು ಕಾಣುತ್ತದಂತೆ. ಆ ಬಣ್ಣದ ಪುಡಿ ಹಡಗಿನಲ್ಲಿ ಬರುತ್ತಿತ್ತು. ಹಡಗು ನಿಂತಿತು. "ಆ ಪುಡೀನೂ ಈ ಮರದಿಂದಾನೇ ತೆಗೆಯೋದು ಅಂತ ಪುಸ್ತಕದಲ್ಲಿ ಓದ್ದೆ. ಪುಸ್ತಕ ಮುಚ್ಚಿ ರೈಲು ಹತ್ತಿದೆ," ಎಂದರು. ಹೊರಡುವಾಗ ನನ್ನ ಕೈಯಲ್ಲಿದ್ದ ಚೌಕುಳಿ ಕಾಗದ ಅವರ ಕಣ್ಣಿಗೆ ಬಿತ್ತು. ಹಂಸಗಳ ಸಾಲಿನ ನಕ್ಷೆ. ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಕೈ ಚೆನ್ನಾಗಿದೆ. ಕಂಡದ್ದನ್ನ ಕಂಡ ಹಾಗೇ ಬರೀತೀರಾ ಮೇಷ್ಟ್ರೇ?"

"ಬರೀತೀನಮ್ಮಾ."

"ಎಲ್ಲಾರೂ ಹಾಗೇ ಅಂತಾರೆ," ಎಂದು ಆಸ್ಪತ್ರೆಯ ವಿಳಾಸ ಬರೆದುಕೊಟ್ಟರು.

ಅವರು ತೀರಿಕೊಂಡ ಸುದ್ದಿ ಹೋದ ತಿಂಗಳು ಬಂತು. ತುಂಬು ವಯಸ್ಸಾಗಿತ್ತು, ನಿದ್ದೆಯಲ್ಲೇ ಹೋದರಂತೆ. ಯಾರಾದರೂ ಹೊಗಳತೊಡಗಿದರೆ "ಕಂಡದ್ದೆಷ್ಟು, ಅನ್ಕೊಂಡದ್ದೆಷ್ಟು?" ಎಂದು ಬಾಯಿ ಮುಚ್ಚಿಸುವುದು ಅವರ ಅಭ್ಯಾಸ. ಅದಕ್ಕೇ ನಾನಿಲ್ಲಿ ಕಂಡದ್ದನ್ನಷ್ಟೇ ಬರೆಯುತ್ತೇನೆ.

ಆಸ್ಪತ್ರೆಯ ಹಿಂಬದಿಯಲ್ಲಿ, ಒಂದು ಹೊಂಗೆ ಮರದ ಪಕ್ಕ, ಅವರ ಕೊಠಡಿ. ಕಿಟಕಿಯ ಮೇಲೆ ಸಾಹೇಬರ ಚಕ್ಕೆಯನ್ನು ಪಟಿಕದ ನೀರಿನಲ್ಲಿ ಕುದಿಸಿ ಸೋಸಿಟ್ಟ ಸೀಸೆಗಳ ಸಾಲು. ಬಿಸಿಲಿಗೆ ಅದು ವಾರಗಟ್ಟಲೆ ಕೂತು ಹಣ್ಣಾಗಬೇಕು. ಉಪ್ಪಿನಕಾಯಿ ಜಾಡಿಯನ್ನು ನೋಡಿಕೊಳ್ಳುವಂತೆ ದಿನವೂ ಅಲ್ಲಾಡಿಸಿ ನೋಡುತ್ತಿದ್ದರು. ಮೊದಲ ಸಲ ಬಣ್ಣ ಸರಿಯಾಗಿ ಹಿಡಿದ ದಿನ ಅವರು ಸ್ಲೈಡನ್ನು ಕೈಯಲ್ಲಿ ಹಿಡಿದುಕೊಂಡೇ ವರಾಂಡದುದ್ದಕ್ಕೂ ಓಡಿ, ಸಿಕ್ಕ ನರ್ಸು, ಜಾಡಮಾಲಿ, ಔಷಧಿ ಕೊಡುವ ಕಾಂಪೌಂಡರು, ಎಲ್ಲರಿಗೂ ತೋರಿಸಿದರು. ಮಾರನೆಯ ವಾರ ಸಾಹೇಬರಿಗೊಂದು ಸ್ಲೈಡು ಕಳಿಸಿಕೊಟ್ಟರು. ಸಾಹೇಬರು ಅದನ್ನು ಬಹಳ ವರ್ಷ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟುಕೊಂಡಿದ್ದರು.

ಫೋಟೋ ತೆಗೆಯಲು ಫಿಲ್ಮು ಸಿಗುತ್ತಿರಲಿಲ್ಲ, ಅದಕ್ಕೆ ನಾನು ಬೇಕಾಗಿದ್ದೆ. ಸ್ಕೂಲಿಗೆ ರಜೆಯಿದ್ದ ದಿನಗಳಲ್ಲಿ ರೈಲು ಹತ್ತಿ ಹೋಗುತ್ತಿದ್ದೆ. ಅವರಿಗೆ ಬೇಕಾಗಿದ್ದದ್ದು ಒಂದೇ: ಮಿದುಳಿನ ಗಡ್ಡೆ ಮುಗಿದು ಒಳ್ಳೆಯ ಮಿದುಳು ಶುರುವಾಗುವ ಜಾಗದ ಚಿತ್ರ. ಮೊದಲ ದಿನ ಇಡೀ ಬೆಳಗ್ಗೆ ಕೂತು ಬರೆದೆ. ಒಂದು ಕಡೆ ಒತ್ತೊತ್ತಾಗಿ ನೀಲಿ ಚುಕ್ಕೆಗಳು, ಇನ್ನೊಂದು ಕಡೆ ಎರಡನೆಯ ಬಣ್ಣ ಹಿಡಿದ ತೆಳು ಗುಲಾಬಿ ಬಯಲು, ನಡುವೆ ಒಂದು ಅಂದವಾದ ಬಳುಕು ಗೆರೆ. ನನಗೇ ಹೆಮ್ಮೆಯಾಗಿತ್ತು. ಡಾಕ್ಟರಮ್ಮ ಬಗ್ಗಿ ನೋಡಿದರು.

"ಈ ಗೆರೆ ಎಲ್ಲಿದೆ, ತೋರ್ಸಿ ಮೇಷ್ಟ್ರೇ."

ಮತ್ತೆ ಕಣ್ಣಿಟ್ಟೆ. ಸ್ಲೈಡನ್ನು ಅತ್ತ ಸರಿಸಿದೆ, ಇತ್ತ ಸರಿಸಿದೆ. ಅವರು ಮೆಟ್ಟಿಲ ಮೇಲೆ ಕೂತು ಹುರಿದ ಕಡಲೆಕಾಯಿ ಸುಲಿದು ತಿನ್ನುತ್ತ ಕಾದರು. ಒಂದು ಗಂಟೆಯಾದರೂ ಕಳೆದಿರಬೇಕು.

"ಗೆರೆ ಸಿಗ್ತಾ ಇಲ್ಲಮ್ಮಾ."

"ಇಲ್ಲದ್ದು ಎಲ್ಲಿ ಸಿಗ್ತದೆ? ಸೀರೆಗೆ ಅಂಚು ಹಾಕಿ ಹಾಕಿ ಅಭ್ಯಾಸ ನಿಮಗೆ, ಇದಕ್ಕೂ ಹಾಕ್ಬಿಟ್ರಿ!" ಎಂದು ಆ ನಗು ನಕ್ಕರು. ಕಪಾಟಿನ ಗಾಜಿನ ಭರಣಿಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಆಮೇಲೆ ಪಕ್ಕದಲ್ಲಿ ಕೂತು ತೋರಿಸಿಕೊಟ್ಟರು. ಗಡ್ಡೆಯ ಜೀವಕೋಶಗಳು ದಂಡಿನ ಹಾಗೆ ಸಾಲಾಗಿ ಬರುವುದಿಲ್ಲ. ಒಂದೊಂದೇ ಬಿಡಿಸಿಕೊಂಡು ಹೊರಡುತ್ತವೆ. ಕೆಲವು ರಕ್ತನಾಳದ ಹೊರಗೋಡೆಯನ್ನು ಹಿಡಿದು ಹೋಗುತ್ತವೆ. ಕೆಲವು ನರದ ಎಳೆಗಳ ನಡುವೆ ಸೊರಗಿ ಉದ್ದವಾಗಿ ನುಸುಳುತ್ತವೆ. ಇನ್ನು ಕೆಲವು ಒಂದು ಒಳ್ಳೆಯ ನರಕೋಶದ ಸುತ್ತ ಬಂದು ಕೂರುತ್ತವೆ. ಆ ನರಕೋಶ ಇನ್ನೂ ಬದುಕಿಯೇ ಇರುತ್ತದೆ, ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ಬರಿಗಣ್ಣಿಗೆ ಆರೋಗ್ಯವಾಗಿ ಕಾಣುವ ಮಿದುಳಿನಲ್ಲಿ, ಗಡ್ಡೆಯಿಂದ ಎಷ್ಟೋ ದೂರದಲ್ಲಿ, ಅವು ಇದ್ದೇ ಇರುತ್ತವೆ.

ಆ ವರ್ಷ ಕೊಠಡಿಯವರನ್ನೆಲ್ಲ ಕಟ್ಟಿಕೊಂಡು ಶಿವಗಂಗೆಗೆ ಹೋದರು. ಅವರು ನೆಲಮಂಗಲದ ಕಡೆಯ ರೈತರ ಮನೆಯ ಮಗಳು, ಆ ಬೆಟ್ಟ ಚಿಕ್ಕಂದಿನಿಂದ ಹತ್ತಿದ್ದು. ನಾವೆಲ್ಲ ಅರ್ಧಕ್ಕೇ ಏದುಸಿರು ಬಿಡುತ್ತಿದ್ದರೆ ಅವರು ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಮೇಲೊಂದು ಬಂಡೆಯ ಮೇಲೆ ನಿಂತಿದ್ದರು. "ಕೆಳಗೆ ನೋಡಿ ಮೇಷ್ಟ್ರೇ! ಇಷ್ಟು ದೊಡ್ಡ ಬೆಟ್ಟ, ಜನ ಎಲ್ಲೆಲ್ಲೋ ಹತ್ತುತಾ ಇದ್ದಾರಾ? ಮೆಟ್ಟಿಲಿದ್ದ ಕಡೆ, ಸಂದಿದ್ದ ಕಡೆ, ಇರೋ ದಾರೀಲೇ ಬರ್ತಾವ್ರೆ. ಆ ಕೋಶಗಳೂ ಹಂಗೇ ಕಣ್ರೀ! ಬಂಡೆ ಒಡೆಯಲ್ಲ." ಪಕ್ಕದಲ್ಲಿ ಬುತ್ತಿ ಬಿಚ್ಚಿಕೊಂಡಿದ್ದ ಯಾತ್ರಿಕರ ಕುಟುಂಬವೊಂದು ಇವರನ್ನು ಹರಿಕಥೆಯವರೆಂದು ತಿಳಿದು ಕೈಮುಗಿದು ಚಿತ್ರಾನ್ನ ಕೊಟ್ಟಿತು. ಡಾಕ್ಟರಮ್ಮ ಸಂತೋಷದಿಂದ ತೆಗೆದುಕೊಂಡು ತಿಂದರು.

ಅವರ ಕೈಯಲ್ಲಿ ಬಳೆ ಇರುತ್ತಿರಲಿಲ್ಲ, ಸೂಕ್ಷ್ಮದರ್ಶಕಕ್ಕೆ ತಾಗಿ ಟಣ್ ಎನ್ನುತ್ತದೆ ಎಂದು. ಒಂದು ಸಲ ಮಾತ್ರ ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ತೊಟ್ಟು ಕೂತಿದ್ದರು. ದೇವನಹಳ್ಳಿಯ ಬಳೆಗಾರನೊಬ್ಬನಿಗೆ ತಲೆಯ ಗಡ್ಡೆ ತೆಗೆದಿದ್ದರು. ಯುದ್ಧಕ್ಕೆಂದು ದಂಡಿನ ಆಸ್ಪತ್ರೆಗೆ ಬಂದಿದ್ದ ಒಬ್ಬ ಇಂಗ್ಲಿಷ್ ಸರ್ಜನ್ನು, ತಲೆಬುರುಡೆ ತೆರೆಯುವುದರಲ್ಲಿ ನುರಿತವರು, ನಮ್ಮವರನ್ನೂ ಅಪರೂಪಕ್ಕೆ ನೋಡುತ್ತಿದ್ದರು, ತೆಗೆದವರು ಅವರೇ. ಬಳೆಗಾರ ಎದ್ದು ಓಡಾಡತೊಡಗಿದ ಮೇಲೆ ತನ್ನ ಮಲಾರ ಹೊತ್ತು ಬಂದು ಆಸ್ಪತ್ರೆಯ ಹೆಂಗಸರಿಗೆಲ್ಲ ಬಳೆ ತೊಡಿಸಿದ. "ಪೂರ್ತಿ ತೆಗೆದಿದ್ದೇನೆ," ಎಂದು ಸರ್ಜನ್ನು ಹೇಳಿದ್ದರು. ಡಾಕ್ಟರಮ್ಮ ಸ್ಲೈಡು ನೋಡಿದ್ದರು, ಮುಖದಲ್ಲಿ ನಗುವಿಲ್ಲದೆ ಕೈ ಚಾಚಿ ಬಳೆ ತೊಡಿಸಿಕೊಂಡರು.

ಆತ ಮತ್ತೆ ಬಂದಾಗ ವರ್ಷವೂ ತುಂಬಿರಲಿಲ್ಲ. ಬಂದವನು ಉಳಿಯಲಿಲ್ಲ. ಮನೆಯವರ ಒಪ್ಪಿಗೆ ಪಡೆದು ಮಿದುಳನ್ನು ನೋಡಿದಾಗ, ಬಲಗಡೆಯ ಗಡ್ಡೆಯ ಜೀವಕೋಶಗಳು ನಡುವಿನ ನರದ ಎಳೆಗಳನ್ನು ಹಿಡಿದು ಎಡಗಡೆಗೂ ಹೋಗಿದ್ದವು. ಅದನ್ನು ಬರೆಯಲು ನನಗೆ ಮೂರು ವಾರ ಹಿಡಿಯಿತು. ಒಂದೊಂದು ಚುಕ್ಕೆಯನ್ನೂ ಅವರು ಪಕ್ಕದಲ್ಲಿ ನಿಂತು ತಾಳೆ ನೋಡಿದರು. ಆಮೇಲೆ ಚಿತ್ರ ಸುತ್ತಿಕೊಂಡು ಜಟಕಾ ಹತ್ತಿ ದಂಡಿನ ಆಸ್ಪತ್ರೆಗೆ ಹೋದರು, ನನ್ನನ್ನೂ ಕರೆದುಕೊಂಡು. ಸರ್ಜನ್ನು ಮೊದಲು ಮುಖ ಕೆಂಪು ಮಾಡಿಕೊಂಡರು. ನನ್ನ ಚಿತ್ರವನ್ನು ಕಲ್ಪನೆ ಎಂದರು.

"ಹಾಗಾದ್ರೆ ಬಂದು ನೋಡಿ," ಎಂದರು ಡಾಕ್ಟರಮ್ಮ ಇಂಗ್ಲಿಷಿನಲ್ಲಿ. "ನನ್ನ ಮೇಷ್ಟ್ರಿಗೆ ಕಲ್ಪನೆ ಮರೆಸೋಕೆ ನಾನು ಪಟ್ಟ ಕಷ್ಟ ನಿಮಗೆ ಗೊತ್ತಿಲ್ಲ."

ಆ ಮನುಷ್ಯ ದೊಡ್ಡವರು. ಮಾರನೆಯ ದಿನವೇ ಬಂದರು. ಹೊಂಗೆ ಮರದ ಕೆಳಗಿನ ಆ ಸಣ್ಣ ಕೊಠಡಿಯಲ್ಲಿ ತಲೆ ಬಗ್ಗಿಸಿಕೊಂಡು ಮಧ್ಯಾಹ್ನದ ತನಕ ನೋಡಿದರು. ಎದ್ದವರೇ ಡಾಕ್ಟರಮ್ಮನ ಕೈ ಕುಲುಕಿದರು. ಆಮೇಲೆ ಅವರು ಕಳಿಸುವ ಪ್ರತಿ ಚೂರಿನ ಜೊತೆಗೂ, ಗಡ್ಡೆಯ ಆಚೆಯಿಂದ ತೆಗೆಯಬಹುದಾದ ಒಂದು ಕೂದಲೆಳೆಯಷ್ಟು ಚೂರು ಬೇರೆ ಸೀಸೆಯಲ್ಲಿ ಬರತೊಡಗಿತು.

ಇಷ್ಟರ ನಡುವೆ ಅತ್ತಿಗೆಗೆ ತಲೆನೋವು ಶುರುವಾಯಿತು.

ಅತ್ತಿಗೆ ಎಂದರೆ ರಾಜಘಟ್ಟದಲ್ಲಿ ಹೊಲ ಮಾಡಿಕೊಂಡಿದ್ದ ನಮ್ಮಣ್ಣನ ಹೆಂಡತಿ. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ನನ್ನನ್ನು ಸಾಕಿದ್ದು ಅವರೇ. ಬೆಳಗ್ಗೆ ಎದ್ದರೆ ವಾಂತಿ, ಬಲಗಾಲು ಎಳೆದುಕೊಂಡು ನಡೆಯುವುದು. ಒಂದು ದಿನ ರಾಗಿ ಕೇರುತ್ತಿದ್ದವರ ಪಾದ ತಾನೇ ತಾನಾಗಿ ಕುಣಿಯತೊಡಗಿ, ಅದು ಮೈಗೇರಿ ಬಿದ್ದರು. ಡಾಕ್ಟರಮ್ಮನಿಗೆ ಹೇಳಿದೆ. ಅವರ ಮುಖದಲ್ಲಿ ನಗು ಇಲ್ಲದ್ದನ್ನು ನಾನು ಎರಡನೆಯ ಸಲ ನೋಡಿದ್ದು ಆಗ. ತಾವೇ ಹೋಗಿ ಸರ್ಜನ್ನನ್ನು ಒಪ್ಪಿಸಿದರು.

ಅಣ್ಣ ಒಪ್ಪಲಿಲ್ಲ. "ತಲೆ ತೆಗೆದು ನೋಡ್ತಾರಂತಾ? ಕುಂಬಳಕಾಯೇನಲಾ ಅದು?"

ಮಂಚದ ಮೇಲಿಂದ ಅತ್ತಿಗೆ ಹೇಳಿದರು: "ಇಂಥ ತಲೆ ಇಟ್ಕೊಂಡು ನಾನೇನು ಮಾಡ್ಲಿ? ತೆಗೀಲಿ. ಒಳಗೇನೈತೋ ನಂಗೂ ತಿಳ್ಕೊಬೇಕು."

ಗಡ್ಡೆ ತೆಗೆದರು. ಅತ್ತಿಗೆ ಕಣ್ಣು ಬಿಟ್ಟರು, ಮಾತಾಡಿದರು. "ಗಟ್ಟಿಯಾಗಿತ್ತು, ಬುಡಸಹಿತ ಬಂತು," ಎಂದು ಸರ್ಜನ್ನು ಹೇಳಿ ಕಳಿಸಿದರು. ಆ ಮಾತು ಕೇಳಿ ನನಗೆ ಬಳೆಗಾರನ ನೆನಪಾಯಿತೇ ಹೊರತು ಧೈರ್ಯ ಬರಲಿಲ್ಲ. ಚೂರನ್ನು ಹದಮಾಡಿ, ಮೇಣದಲ್ಲಿ ಹುದುಗಿಸಿ, ಸೀಳಿ, ಬಣ್ಣ ಕುಡಿಸಲು ದಿನಗಳು ಬೇಕು. "ಗುರುವಾರದ ತನಕ ಬರಬೇಡಿ," ಎಂದಿದ್ದರು ಡಾಕ್ಟರಮ್ಮ. ನಾನು ಸ್ಕೂಲಿಗೆ ರಜ ಹಾಕಿ ದಿನವೂ ಹೋಗಿ ಆ ಮೆಟ್ಟಿಲ ಮೇಲೆ ಕೂತೆ. ಅವರು ಬೈಯಲಿಲ್ಲ. ಹೋಗುತ್ತ ಬರುತ್ತ ನನ್ನ ಕೈಗೆ ಒಂದು ಹಿಡಿ ಕಡಲೆಕಾಯಿ ಹಾಕಿ ಹೋಗುತ್ತಿದ್ದರು.

ಗುರುವಾರ ಬಾಗಿಲು ತೆಗೆದು ಕರೆದರು. ಸ್ಲೈಡು ಸಿದ್ಧವಾಗಿತ್ತು.

"ಏನು ಬಂತಮ್ಮಾ?"

"ನಾನಿನ್ನೂ ನೋಡಿಲ್ಲ." ತುರುಬಿನ ಪೆನ್ಸಿಲ್ಲು ತೆಗೆದು ಮತ್ತೆ ಸಿಕ್ಕಿಸಿದರು. "ನಿನ್ನೇನೇ ಆಗಿತ್ತು. ಧೈರ್ಯ ಬರ್ಲಿಲ್ಲ ಮೇಷ್ಟ್ರೇ. ನೀವೇ ಮೊದ್ಲು ನೋಡಿ. ಕಂಡದ್ದನ್ನ ಹೇಳಿ, ಅಷ್ಟೇ."

ಕಣ್ಣಿಟ್ಟೆ. ಮೊದಲು ಮಂಜು. ತಿರುಪು ತಿರುಗಿಸಿದೆ. ನೀಲಿ ಕೋಶಗಳು ಸುರುಳಿ ಸುರುಳಿಯಾಗಿ, ನೂಲು ಸುತ್ತಿದ ಉಂಡೆಗಳ ಹಾಗೆ ಒಂದರ ಪಕ್ಕ ಒಂದು. ನಾನು ಹಿಂದೆಂದೂ ಬರೆದಿರದ ಆಕಾರ. ಹಾಗೇ ಹೇಳಿದೆ. ಬೆನ್ನ ಹಿಂದೆ ಅವರು ಇನ್ನಷ್ಟು ಹತ್ತಿರ ಬಂದು ನಿಂತರು.

"ಎಡಕ್ಕೆ ಸರಿಸಿ. ಗಡ್ಡೆಗೆ ಅಂಟ್ಕೊಂಡು ಬಂದ ಮಿದುಳಿನ ಚೂರಿದೆ. ಅಲ್ಲಿಗೆ ಹೋಗಿ."

ಸರಿಸಿದೆ. ಸುರುಳಿಗಳು ಮುಗಿದವು. ತೆಳ್ಳನೆಯ ಒಂದು ಪೊರೆ. ಅದರಾಚೆ ಗುಲಾಬಿ ಬಯಲು. ಬಯಲಿನಲ್ಲಿ ರಕ್ತನಾಳ ಹುಡುಕಿದೆ, ಅದರ ಗೋಡೆ ಖಾಲಿ. ನರಕೋಶ ಹುಡುಕಿದೆ, ಸುತ್ತ ಯಾರೂ ಇಲ್ಲ. ಎಳೆಗಳ ನಡುವೆ ಹುಡುಕಿದೆ. ಮತ್ತೆ ಮೊದಲಿಂದ ಹುಡುಕಿದೆ.

"ಅಮ್ಮಾ, ಗೆರೆ ಇದೆ."

"ನೀವು ಹಾಕಿದ್ದಾ, ಇರೋದಾ?"

"ಇರೋದಮ್ಮಾ! ಇದೆ! ನೀವೇ ನೋಡಿ!"

ನನ್ನನ್ನು ಪಕ್ಕಕ್ಕೆ ತಳ್ಳಿ ಕೂತರು. ಎಷ್ಟು ಹೊತ್ತು ನೋಡಿದರೋ. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಕಣ್ಣನ್ನೂ ಒರೆಸಿದರು. "ಇದು ಮಿದುಳಿನದ್ದೇ ಅಲ್ಲ. ಮಿದುಳಿನ ಹೊದಿಕೆಯಿಂದ ಎದ್ದದ್ದು. ಒತ್ತಿದೆ, ಒಳಗೆ ಕಾಲಿಟ್ಟಿಲ್ಲ. ನಿಮ್ಮತ್ತಿಗೆ ಬದುಕ್ಕೊಂಡ್ರು ಕಣ್ರೀ!" ಎಂದು ನಗತೊಡಗಿದರು. ನಾನೂ ನಕ್ಕೆ. ಭರಣಿಗಳ ಸದ್ದು ಕೇಳಿ ಕಾಂಪೌಂಡರು ಓಡಿಬಂದು ಬಾಗಿಲಲ್ಲಿ ನಿಂತರು.

ಅತ್ತಿಗೆ ಊರಿಗೆ ಬಂದ ಮೇಲೆ ಹಿಡಿದದ್ದು ಒಂದೇ ಹಟ. "ನನ್ನ ತಲೇಲಿದ್ದದ್ದನ್ನ ನನ್ನ ಮೈದುನ ನೋಡ್ಯವ್ನೆ, ನಾನು ನೋಡಿಲ್ಲ!" ಡಾಕ್ಟರಮ್ಮನಿಗೆ ಹೇಳಿದೆ. ಅವರೆಕಾಯಿಯ ಕಾಲದ ಒಂದು ಬೆಳಗ್ಗೆ, ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಸೂಕ್ಷ್ಮದರ್ಶಕದ ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ದೊಡ್ಡಬಳ್ಳಾಪುರದಲ್ಲಿ ಇಳಿದರು. ಅಲ್ಲಿಂದ ನಮ್ಮಣ್ಣನ ಗಾಡಿ. ಬಿಸಿಲು ಚೆನ್ನಾಗಿ ಬೀಳುವ ಕಡೆ ಜಗಲಿಯ ಮೇಲೆ ಅದನ್ನಿಟ್ಟು ಕನ್ನಡಿ ಹೊಂದಿಸಿದರು. ಅಷ್ಟರಲ್ಲಿ ಅರ್ಧ ರಾಜಘಟ್ಟ ಅಂಗಳದಲ್ಲಿತ್ತು.

ಮೊದಲು ಅತ್ತಿಗೆ. ಬೋಳಾಗಿದ್ದ ತಲೆಯಲ್ಲಿ ಕೂದಲು ಆಗಷ್ಟೇ ಬೆರಳುದ್ದ ಬಂದಿತ್ತು. ಸೆರಗು ಹೊದ್ದು ಬಗ್ಗಿ ನೋಡಿದರು, ಬಹಳ ಹೊತ್ತು.

"ಇದೇನಾ ನನ್ನ ಅಷ್ಟು ಕುಣಿಸಿದ್ದು?"

"ಇದೇ ಕಣಮ್ಮಾ."

"ನೋಡೋಕೆ ಎಷ್ಟು ಲಕ್ಷಣವಾಗೈತೆ, ಮುಂಡೇದು!"

ಆಮೇಲೆ ಸಾಲು ನಿಂತಿತು. ಪಟೇಲರು ಕಣ್ಣಿಟ್ಟು, "ಏನೋ ಕರೀ ಹುಲ್ಲು ಬೆಳೆದಂಗೈತಲ್ಲವ್ವಾ," ಎಂದರು. "ಅದು ನಿಮ್ಮ ರೆಪ್ಪೆ ಕಣಪ್ಪಾ, ಚೂರು ಹಿಂದಕ್ಕೆ ಬನ್ನಿ," ಎಂದರು ಡಾಕ್ಟರಮ್ಮ. ಅಂಗಳವೆಲ್ಲ ನಕ್ಕಿತು. ಅತ್ತಿಗೆಯ ಕಡೆಯ ಮುದುಕಿಯೊಬ್ಬರು ನೋಡಿ, ಸೂಕ್ಷ್ಮದರ್ಶಕಕ್ಕೇ ದೃಷ್ಟಿ ನಿವಾಳಿಸಿ ಲಟಿಕೆ ಮುರಿದರು.

ಅರ್ಧ ಸಾಲು ಮುಗಿಯುವಾಗ ಊಟಕ್ಕೆ ಕರೆದರು. ಮುದ್ದೆ, ಹಿತಕಿದ ಅವರೆಬೇಳೆ ಸಾರು. ಬಡಿಸುತ್ತ ಅತ್ತಿಗೆ ಕೇಳಿದರು, "ನಂದು ಮಿದುಳಿನೊಳಕ್ಕೆ ದಾಟಿಲ್ಲ ಅಂದ್ರಿ. ದಾಟಿದೋರೂ ಬತ್ತಾರಾ ನಿಮ್ಮತ್ರ?"

"ಬರ್ತಾರಮ್ಮ. ಅವರೇ ಜಾಸ್ತಿ."

"ಅವರಿಗೇನು ಮಾಡ್ತೀರಿ?"

ಡಾಕ್ಟರಮ್ಮನ ಕೈ ತಟ್ಟೆಯ ಮೇಲೆ ನಿಂತಿತು. "ಸದ್ಯಕ್ಕೆ ಏನೂ ಮಾಡಕ್ಕಾಗಲ್ಲ. ಹೆಂಗೆ ದಾಟ್ತವೆ, ಯಾವ ದಾರೀಲಿ ಹೋಗ್ತವೆ ಅಂತ ನೋಡ್ತಾ ಕೂತಿದೀನಿ. ಅದು ಸರಿಯಾಗಿ ಗೊತ್ತಾದ್ರೆ, ಮುಂದೆ ಯಾರಾದ್ರೂ ತಡೀಬಹುದು. ನಾನೇ ತಡೀತೀನಿ ಅಂತ ಅಲ್ಲ."

ಅತ್ತಿಗೆ ಸೌಟು ಕೆಳಗಿಟ್ಟರು. ಆಮೇಲೆ, "ಹಂಗಾದ್ರೆ ಸರಿಯಾಗಿ ಉಣ್ಣಿ. ನೋಡೋಕೂ ಶಕ್ತಿ ಬೇಕು," ಎಂದು ಇನ್ನೊಂದು ಮುದ್ದೆಯನ್ನು ತಟ್ಟೆಗೆ ಇಟ್ಟೇಬಿಟ್ಟರು. ಡಾಕ್ಟರಮ್ಮ ಬೇಡವೆನ್ನಲಿಲ್ಲ. ತಲೆ ಬಗ್ಗಿಸಿ ಅದನ್ನೂ ಉಂಡರು.

ಕೈ ತೊಳೆದು ಬಂದು ಜಗಲಿಯ ಮೇಲೆ, ಸೂಕ್ಷ್ಮದರ್ಶಕದ ಪಕ್ಕದಲ್ಲೇ, ಗೋಡೆಗೆ ಒರಗಿದವರು ಹಾಗೇ ನಿದ್ದೆ ಹೋದರು. ಬಾಯಿ ಕೊಂಚ ತೆರೆದಿತ್ತು. ಇನ್ನೂ ನೋಡದ ಹತ್ತಾರು ಮಂದಿ ಅಂಗಳದಲ್ಲಿ ನಿಂತಿದ್ದರು. ಅತ್ತಿಗೆ ಒಳಗಿನಿಂದ ಬಂದು, ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಾಗಿಸಿದರು. ಒಬ್ಬೊಬ್ಬರನ್ನೇ ಸನ್ನೆಯಲ್ಲಿ ಕರೆದು, ಕಣ್ಣಿಡುವುದು ಹೇಗೆಂದು ತೋರಿಸಿ, ತಮ್ಮ ತಲೆಯ ಗಡ್ಡೆಯನ್ನು ತಾವೇ ಪಿಸುಮಾತಿನಲ್ಲಿ ವಿವರಿಸತೊಡಗಿದರು.

"ಮೆಲ್ಲಗೆ. ಅವ್ವನಿಗೆ ಎಚ್ಚರ ಆದೀತು. ಇಕಾ, ಈ ಕಡೆ ಸುರುಳಿ ಸುತ್ಕೊಂಡೈತಲ್ಲ, ಅದು ಗಡ್ಡೆ. ಆ ಕಡೆ ಗುಲಾಬಿಯಾಗಿ ಕಾಣೋದು ನಾನು."